ಆಷಾಢದ ಮಳೆಯಲ್ಲೂ ನಿಲ್ಲುವ ಅಭ್ಯಾಸಗಳು: ಉತ್ತರ ಕನ್ನಡದ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಮೂರು ವರ್ಷದ ಹಿಂದೆ ಮೇ ತಿಂಗಳಲ್ಲಿ ಬಿದಿರಿನ ಹಿಡಿಯ ಹಲ್ಲುಜ್ಜುವ ಬ್ರಶ್ ತರಿಸಿದ್ದೆ. ಮನೆಯ ನಾಲ್ವರಿಗೂ ಒಂದೊಂದು. ಪುನರ್ವಸು ಮಳೆ ಹಿಡಿಯುವ ಹೊತ್ತಿಗೆ ನಾಲ್ಕರ ಬುಡಕ್ಕೂ ಕಪ್ಪು ಬೂಷ್ಟು ಬಂತು. ಮನೆಯವರು ಏನೂ ಹೇಳಲಿಲ್ಲ. ಸಂಜೆ ಪೇಟೆಯಿಂದ ಬರುವಾಗ ನಾಲ್ಕು ಪ್ಲಾಸ್ಟಿಕ್ ಬ್ರಶ್ ತಂದಿಟ್ಟರು, ಅಷ್ಟೇ.

ಪರಿಸರಕ್ಕೆ ಹೊರೆ ಆಗದ ಹಾಗೆ ಬದುಕಿ ಅಂತ ಹೇಳುವ ಸಲಹೆಗಳಿಗೆ ಲೆಕ್ಕವಿಲ್ಲ. ಆದರೆ ಅವುಗಳಲ್ಲಿ ಎರಡು ಸಾಲಿಗೊಮ್ಮೆ 'ಬಿಸಿಲಿಗೆ ಒಣಗಿಸಿ' ಅಂತ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾವು ಬಿಸಿಲನ್ನು ಎಲ್ಲಿಂದ ತರುವುದು? ಒಗೆದ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ. ನನ್ನ ತವರು ಕುಮಟಾ ಕಡೆ. ಈಗ ಇರುವುದು ಶಿರಸಿ ಪೇಟೆಯಲ್ಲಿ. ಗಂಡನ ಮನೆಯ ತೋಟ ಅಲ್ಲಿಂದ ಹತ್ತು ಕಿಲೋಮೀಟರ್. ಘಟ್ಟದ ಮೇಲೂ ಕೆಳಗೂ ಎಡವಿ ಕಲಿತದ್ದು ಒಂದೇ: ಜುಲೈ ತಿಂಗಳಲ್ಲಿ ನಡೆಯದ ಅಭ್ಯಾಸ ಇಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಇಲ್ಲಿ ಪ್ರತಿ ಹೆಜ್ಜೆಯನ್ನೂ ಮಳೆಗಾಲ ನೋಡಿಕೊಂಡೇ ಹೇಳಿದ್ದೇನೆ. ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಒಂದೊಂದು ಅಭ್ಯಾಸಕ್ಕೆ ಎರಡು ತಿಂಗಳಾದರೂ ಕೊಡಿ.

1. ಮೊದಲ ವಾರ ಸುಮ್ನೆ ನೋಡಿ

ಏನನ್ನೂ ಕೊಳ್ಳಬೇಡಿ, ಏನನ್ನೂ ಬಿಡಬೇಡಿ. ಅಡುಗೆಮನೆ ಮೂಲೆಯಲ್ಲಿ ಒಂದು ಬಕೆಟ್, ಎರಡು ಚೀಲ ಇಡಿ. ಬಕೆಟ್ಟಿಗೆ ಹಸಿ ಕಸ. ಒಂದು ಚೀಲಕ್ಕೆ ಪ್ಲಾಸ್ಟಿಕ್, ಕಾಗದ, ತಗಡು. ಇನ್ನೊಂದಕ್ಕೆ ಏನೂ ಮಾಡಲಾಗದ್ದು: ಡೈಪರ್, ಪ್ಯಾಡ್, ಬ್ಯಾಂಡೇಜ್, ಹರಿದ ಚಪ್ಪಲಿ. ಏಳು ದಿನ ಬಿಟ್ಟು ತೂಗಿ ನೋಡಿ. ತಕ್ಕಡಿ ಇಲ್ಲದಿದ್ದರೆ ಕೈಯಲ್ಲಿ ಎತ್ತಿದರೂ ಅಂದಾಜು ಸಿಗುತ್ತದೆ. ತೂಕದಲ್ಲಿ ಹಸಿ ಕಸ ಜಾಸ್ತಿ, ಗಾತ್ರದಲ್ಲಿ ಪ್ಲಾಸ್ಟಿಕ್ ಜಾಸ್ತಿ.

ಆಮೇಲೆ ಒಣ ಕಸದ ಚೀಲವನ್ನು ಜಗಲಿಯ ಮೇಲೆ ಸುರಿದು ಒಮ್ಮೆ ಎಣಿಸಿ. ನಾನು ಎಣಿಸಿದಾಗ ಹಾಲಿನ ಪ್ಯಾಕೆಟ್ ಲೆಕ್ಕ ತಪ್ಪಿತು. ದಿನಕ್ಕೆರಡರಂತೆ ಹದಿನಾಲ್ಕು ಇರಬೇಕಿತ್ತು, ಸಿಕ್ಕಿದ್ದು ಐದು. ಉಳಿದ ಒಂಬತ್ತು ಎಲ್ಲಿಗೆ ಹೋದವು ಅನ್ನುವುದು ಮೂರನೇ ಹೆಜ್ಜೆಯಲ್ಲಿ ಬರುತ್ತದೆ.

2. ಹಸಿ ಕಸವನ್ನು ಮನೆಯಲ್ಲೇ ಮುಗಿಸಿ

ಎಲ್ಲರೂ ಇಲ್ಲಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಹಟ. ಹಸಿ ಕಸ ಬೇರೆಯಾದರೆ ಉಳಿದ ಕಸ ನಾರುವುದಿಲ್ಲ. ನಾರದಿದ್ದರೆ ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಬಹುದು.

ಕೊಟ್ಟಿಗೆ ಇರುವವರಿಗೆ ಹೊಸದಾಗಿ ಹೇಳುವುದು ಏನೂ ಇಲ್ಲ. ಗೊಬ್ಬರಗುಂಡಿ ಇದ್ದೇ ಇದೆ. ಅಲ್ಲಿನ ತೊಂದರೆ ಬೇರೆ: ಶಾಂಪೂ ಚೀಟಿ, ಬ್ಲೇಡು, ಗುಟ್ಕಾ ಪೊಟ್ಟಣ ಎಲ್ಲ ಕಸಬರಿಗೆಯ ಜೊತೆ ಗುಂಡಿಗೇ ಹೋಗುತ್ತವೆ. ಮುಂದಿನ ವರ್ಷ ಅಡಿಕೆ ಮರದ ಬುಡದಲ್ಲಿ ಮಿಂಚುತ್ತವೆ. ಜಗಲಿ ಗುಡಿಸುವ ಜಾಗದಲ್ಲೇ ಒಂದು ಸಣ್ಣ ಡಬ್ಬ ಇಟ್ಟರೆ ಮುಕ್ಕಾಲು ಪಾಲು ಸರಿಹೋಗುತ್ತದೆ.

ಪೇಟೆಯ ಮನೆಗೆ ಎರಡು ಮಣ್ಣಿನ ಮಡಕೆ ಸಾಕು. 20 ಲೀಟರಿನ ಖಾಲಿ ಪೇಂಟ್ ಬಕೆಟ್ ಆದರೂ ಆಗುತ್ತದೆ, ತೊಳೆದು ತಳಕ್ಕೂ ಪಕ್ಕಕ್ಕೂ ತೂತು ಮಾಡಬೇಕು. ತಳದಲ್ಲಿ ಎರಡು ಇಂಚು ತೆಂಗಿನ ನಾರು ಹಾಸಿ. ಅದರ ಮೇಲೆ ಒಂದು ಬೊಗಸೆ ಹಳೆ ಗೊಬ್ಬರ ಅಥವಾ ಹುಳಿ ಮಜ್ಜಿಗೆ ಚಿಮುಕಿಸಿದ ಮಣ್ಣು. ಮುಂದೆ ದಿನವೂ ಒಂದು ಪಾಲು ಹಸಿ ಕಸ, ಎರಡು ಪಾಲು ದರಕು, ಅಂದರೆ ಒಣ ಎಲೆ. ಸಿಪ್ಪೆಗಳನ್ನು ಸಣ್ಣಗೆ ಹೆಚ್ಚಿ ಹಾಕಿದರೆ ಬೇಗ ಕಳಿಯುತ್ತದೆ. ಮೂರು ದಿನಕ್ಕೊಮ್ಮೆ ಕೋಲಿನಿಂದ ಕೆದಕಿ. ಒಂದು ಮಡಕೆ ತುಂಬಿದ ಮೇಲೆ ಅದನ್ನು ಹಾಗೇ ಬಿಟ್ಟು ಇನ್ನೊಂದಕ್ಕೆ ಹಾಕಲು ಶುರು ಮಾಡಿ. ಬೇಸಿಗೆಯಲ್ಲಿ ಎರಡು ತಿಂಗಳು, ಮಳೆಗಾಲದಲ್ಲಿ ಮೂರು ತಿಂಗಳು ಅಂದಾಜು.

ಈಗ ಮಳೆಗಾಲದ ವಿಷಯ. ನಾನು ಮೊದಲ ಸಲ ಮಡಕೆ ಇಟ್ಟದ್ದು ಜೂನ್ ಮೊದಲ ವಾರ, ಹಿತ್ತಲ ಮಾಡಿನ ಅಂಚಿಗೆ. ನೆರಳಿದೆ, ಸಾಕು ಅಂದುಕೊಂಡೆ. ಹಂಚಿನಿಂದ ಇಳಿಯುವ ನೀರು ನೇರ ಮಡಕೆಯ ಮುಚ್ಚಳದ ಮೇಲೇ ಬೀಳುತ್ತಿತ್ತು. ಹತ್ತು ದಿನ ಬಿಟ್ಟು ಮುಚ್ಚಳ ತೆಗೆದರೆ ಒಳಗೆ ಅಂಬಲಿ. ಮೇಲೆಲ್ಲ ಬಿಳಿ ಹುಳ ತೇಲುತ್ತಿದ್ದವು. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ಅದನ್ನು ತೆಂಗಿನ ಬುಡಕ್ಕೆ ಸುರಿದು, ಮಡಕೆ ತೊಳೆದು, ಆ ವರ್ಷ ಮತ್ತೆ ಕೈ ಹಾಕಲಿಲ್ಲ.

ತಪ್ಪಾದದ್ದು ಎರಡು. ಮಡಕೆ ಇಡುವ ಜಾಗ ಒಂದು: ಮಾಡಿನ ಒಳಗೆ, ಗೋಡೆಗೆ ತಾಗಿಸಿ, ಎರಡು ಇಟ್ಟಿಗೆಯ ಮೇಲೆ ಇಡಬೇಕು. ಇನ್ನೊಂದು ದರಕು. ಜೂನ್‌ನಲ್ಲಿ ಒಣ ಎಲೆ ಹುಡುಕಿದರೆ ಎಲ್ಲಿ ಸಿಗುತ್ತದೆ? ಹಳ್ಳಿಯಲ್ಲಿ ಕೊಟ್ಟಿಗೆಗೆ ಹಾಸಲು ಬೇಸಿಗೆಯಲ್ಲೇ ದರಕು ಗುಡಿಸಿ ಒಟ್ಟುತ್ತಾರೆ. ಅದನ್ನೇ ಮಾಡಬೇಕು. ಈಗ ನಾನು ಮಾರ್ಚ್, ಏಪ್ರಿಲ್‌ನಲ್ಲಿ ಆರು ಗೋಣಿಚೀಲ ದರಕು ತುಂಬಿ ಅಟ್ಟದ ಮೇಲೆ ಹಾಕುತ್ತೇನೆ. ಸೆಪ್ಟೆಂಬರ್‌ಗೆ ಐದೂವರೆ ಚೀಲ ಖಾಲಿಯಾಗಿರುತ್ತದೆ. ದರಕು ಸಿಗದವರು ಒಣಗಿದ ತೆಂಗಿನ ನಾರಿನ ಪುಡಿ ಇಟ್ಟುಕೊಳ್ಳಬಹುದು.

ಸರಿ ಇದೆಯೋ ಇಲ್ಲವೋ ನೋಡುವುದು ಹೀಗೆ. ಒಂದು ಮುಷ್ಟಿ ತೆಗೆದು ಗಟ್ಟಿಯಾಗಿ ಹಿಂಡಿ. ಒಂದೆರಡು ಹನಿ ಬಂದರೆ ಹದ. ನೀರು ಧಾರೆಯಾಗಿ ಇಳಿದರೆ ದರಕು ಹಾಕಿ ಕೆದಕಿ. ಏನೂ ಬರದೆ ಉದುರಿದರೆ ಅಕ್ಕಿ ತೊಳೆದ ನೀರು ಚಿಮುಕಿಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಆಡುತ್ತಿಲ್ಲ ಅಂತ ಅರ್ಥ. ಮೂಗಿಗೆ ಅಡರುವ ಘಾಟು ಬಂದರೆ ಹಸಿ ಜಾಸ್ತಿಯಾಗಿದೆ. ಮಡಕೆಯಲ್ಲಿ ದಪ್ಪ ಬೂದು ಹುಳ ಕಂಡರೆ ಗಾಬರಿ ಬೇಡ. ಅವು ಕಪ್ಪು ಸೈನಿಕ ನೊಣದ ಮರಿಗಳು, ಕಸವನ್ನು ನಮಗಿಂತ ಚೆನ್ನಾಗಿ ಮುಗಿಸುತ್ತವೆ. ಕೋಳಿ ಇದ್ದರೆ ಅವಕ್ಕೆ ಹಬ್ಬ.

ಮೀನಿನ ಕಿವಿರು, ಶೆಟ್ಲಿ (ಸಿಗಡಿ) ಸಿಪ್ಪೆ ಮಡಕೆಗೆ ಹಾಕಬೇಡಿ. ಅಮ್ಮ ಅದನ್ನು ತೆಂಗಿನ ಬುಡದಲ್ಲಿ ಒಂದೂವರೆ ಅಡಿ ಗುಂಡಿ ತೋಡಿ ಮುಚ್ಚಿ, ಮೇಲೆ ಒಂದು ಚಿರೆಕಲ್ಲು ಇಡುತ್ತಾಳೆ. ಕಲ್ಲು ಯಾಕೆ ಅಂದರೆ ನಾಯಿಗಾಗಿ.

ನಾಲ್ಕೈದು ದನ ಇರುವವರಿಗೆ ಒಂದು ಮಾತು. ಎಷ್ಟೋ ಮನೆಗಳಲ್ಲಿ ಗೋಬರ್ ಗ್ಯಾಸ್ ಗುಂಡಿ ಇದೆ, ಆದರೆ ಸಿಲಿಂಡರ್ ಬಂದ ಮೇಲೆ ಸುಮ್ನೆ ಬಿದ್ದಿದೆ. 2 ಘನ ಮೀಟರಿನ ಗುಂಡಿಗೆ ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ಒಂದು ಘನ ಮೀಟರ್ ಗ್ಯಾಸ್ ಅಂದರೆ ಸುಮಾರು 0.43 ಕಿಲೋ ಸಿಲಿಂಡರ್ ಗ್ಯಾಸಿಗೆ ಸಮ. ಪೂರ್ತಿ ಗ್ಯಾಸ್ ಬಂದರೆ 14.2 ಕಿಲೋದ ಒಂದು ಸಿಲಿಂಡರ್ ಹದಿನಾರು ಹದಿನೇಳು ದಿನದಲ್ಲಿ ಉಳಿದ ಹಾಗೆ. ಮಳೆ, ಚಳಿಯಲ್ಲಿ ಗ್ಯಾಸ್ ಕಡಿಮೆ ಬರುತ್ತದೆ. ಹಾಗಾಗಿ ಹಳೆ ಗುಂಡಿಯನ್ನು ಮತ್ತೆ ಶುರು ಮಾಡುವುದಾದರೆ ಫೆಬ್ರವರಿ, ಮಾರ್ಚ್ ಒಳ್ಳೆಯದು.

3. ಬಚ್ಚಲ ಒಲೆಯಿಂದ ಪ್ಲಾಸ್ಟಿಕ್ ಹೊರಗಿಡಿ

ಒಂಬತ್ತು ಪ್ಯಾಕೆಟ್ ಸಿಕ್ಕಿದ್ದು ಇಲ್ಲಿ. ಅಥವಾ ಸಿಗದೇ ಹೋದದ್ದು ಇಲ್ಲಿ. ಬೆಳಿಗ್ಗೆ ಐದೂವರೆಗೆ ಅತ್ತೆ ಹಂಡೆಗೆ ಬೆಂಕಿ ಮಾಡುತ್ತಾರೆ. ಕಟ್ಟಿಗೆಯ ಕೆಳಗೆ ಒಂದು ಹಾಲಿನ ಪ್ಯಾಕೆಟ್ ಮಡಚಿ ಇಟ್ಟು ಕಡ್ಡಿ ಗೀರಿದರೆ ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ. ನಾನು ಕೇಳಿದ್ದಕ್ಕೆ ಅವರು ಸಿಟ್ಟಾಗಲಿಲ್ಲ. "ಒದ್ದೆ ಕಟ್ಟಿಗೆ ಹತ್ತಬೇಕಲ್ಲೇ, ಮತ್ತೆಂತ ಹಾಕೂದು?" ಅಂದರು. ಸೀಮೆಎಣ್ಣೆ ಸಿಗುವುದು ನಿಂತ ಮೇಲೆ ಆ ಜಾಗಕ್ಕೆ ಪ್ಯಾಕೆಟ್ ಬಂದಿತ್ತು.

ಪ್ಲಾಸ್ಟಿಕ್ ಅರ್ಧಂಬರ್ಧ ಉರಿದರೆ ವಿಷದ ಹೊಗೆ, ಮಸಿ ಬರುತ್ತದೆ. ಪಿವಿಸಿ ಪೈಪಿನ ತುಂಡು, ವಯರ್ ಸಿಪ್ಪೆ ಇದ್ದರಂತೂ ಡಯಾಕ್ಸಿನ್ ಎಂಬ ಬಹಳ ಕೆಟ್ಟ ವಿಷ ಹುಟ್ಟುತ್ತದೆ. ಆ ಹೊಗೆಯನ್ನು ಮೊದಲು ಉಸಿರಾಡುವುದು ಒಲೆಯ ಮುಂದೆ ಕೂತವರು. ಬೂದಿ ಎಲ್ಲಿಗೆ ಹೋಗುತ್ತದೆ? ಪಾತ್ರೆ ತಿಕ್ಕಲು, ಬಸಳೆ ಬುಡಕ್ಕೆ.

ಬುದ್ಧಿ ಹೇಳಿದರೆ ಇದು ನಿಲ್ಲುವುದಿಲ್ಲ. ಅತ್ತೆಗೆ ಬೇಕಾದದ್ದು ಒಣ ಪುರಳೆ. ಏಪ್ರಿಲ್‌ನಲ್ಲಿ ಖಾಲಿ ಎಣ್ಣೆ ಡಬ್ಬ ನಾಲ್ಕು ತಂದೆವು, ಆ ತಗಡಿನ ಚೌಕದ ಡಬ್ಬ. ಒಂದಕ್ಕೆ ಒಣ ತೆಂಗಿನ ನಾರು, ಒಂದಕ್ಕೆ ಅಡಿಕೆ ಸಿಪ್ಪೆ, ಎರಡಕ್ಕೆ ಗರಟೆ ಚೂರು ತುಂಬಿ ಮುಚ್ಚಳ ಹಾಕಿದೆವು. ಒಲೆಯ ಬಲಕ್ಕೆ, ಅತ್ತೆ ಕೂತಲ್ಲಿಂದಲೇ ಕೈಗೆ ಸಿಗುವ ಹಾಗೆ ಇಟ್ಟೆವು. ಮಾರನೇ ದಿನ ಹಾಕುವ ಕಟ್ಟಿಗೆಯನ್ನು ಹಿಂದಿನ ದಿನವೇ ಬಿಸಿ ಒಲೆಯ ಪಕ್ಕ ಒರಗಿಸಿಡುವುದು ಅವರದೇ ಉಪಾಯ. ಆ ಜುಲೈನಲ್ಲಿ ಹದಿನಾಲ್ಕಕ್ಕೆ ಹದಿಮೂರು ಪ್ಯಾಕೆಟ್ ಸಿಕ್ಕವು. ಒಂದು ಎಲ್ಲಿ ಹೋಯಿತು ಅಂತ ನಾನು ಕೇಳಲಿಲ್ಲ.

ಹಾಲಿನ ಪ್ಯಾಕೆಟ್ಟನ್ನು ಕತ್ತರಿಸುವಾಗ ಮೂಲೆಯ ತುಂಡು ಬೇರೆಯಾಗದ ಹಾಗೆ ಕತ್ತರಿಸಿ. ಆ ಚೂರು ಗುಜರಿಗೂ ಸೇರುವುದಿಲ್ಲ, ಗಟಾರಕ್ಕೆ ಹೋಗುತ್ತದೆ. ಪ್ಯಾಕೆಟ್ ತೊಳೆದು ಅಡುಗೆಮನೆ ಗೋಡೆಯ ಹೆಂಚಿಗೆ ಅಂಟಿಸಿಬಿಡಿ. ಮಳೆಗಾಲದಲ್ಲೂ ಬೆಳಗಾಗುವುದರೊಳಗೆ ಒಣಗಿ ತಾನೇ ಬೀಳುತ್ತದೆ.

ಕಟ್ಟಿಗೆಯೇ ಕಡಿಮೆ ಮಾಡಬೇಕು ಅಂದರೆ ಒಲೆ ಬದಲಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ತಂಡ 1980ರ ದಶಕದಲ್ಲಿ ರೂಪಿಸಿದ ಅಸ್ತ್ರ ಒಲೆ ಮಲೆನಾಡಿಗೆ ಹೊಸದೇನಲ್ಲ. ಉರಿ ಪಾತ್ರೆಗೆ ತಾಗುತ್ತದೆ, ಹೊಗೆ ಕೊಳವೆಯಲ್ಲಿ ಹೊರಹೋಗುತ್ತದೆ. ಬಚ್ಚಲ ಒಲೆಗೂ ಕಬ್ಬಿಣದ ಜಾಲರಿ, ಹೊಗೆ ಕೊಳವೆ ಹಾಕಿಸಿದರೆ ಕಟ್ಟಿಗೆ ಉಳಿಯುವುದು ಕಣ್ಣಿಗೇ ಕಾಣುತ್ತದೆ. ಸೋಲಾರ್ ನೀರು ಕಾಯಿಸುವ ಯಂತ್ರ ನಮ್ಮಲ್ಲಿ ಅಕ್ಟೋಬರ್‌ನಿಂದ ಮೇವರೆಗಿನ ಸಂಗಾತಿ. ಅದಿದೆ ಅಂತ ಒಲೆ ಕಿತ್ತು ಹಾಕಬೇಡಿ.

4. ಚೀಲ ಗಾಡಿಯಲ್ಲೇ ಇರಲಿ

ಅಘನಾಶಿನಿ ಹುಟ್ಟುವುದು ಶಿರಸಿಯ ಶಂಕರಹೊಂಡದಲ್ಲಿ. ಉಂಚಳ್ಳಿಯಲ್ಲಿ ಧುಮುಕಿ, ನನ್ನ ತವರಿನ ಕಡೆ ಹರಿದು, ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ಅಳಿವೆಯಲ್ಲಿ ಬೆಳಚು ಹೆಕ್ಕುವವರ ಬುಟ್ಟಿಗೆ ಚಿಪ್ಪಿನ ಜೊತೆ ಗುಟ್ಕಾ ಪೊಟ್ಟಣವೂ ಬರುತ್ತದೆ. ಘಟ್ಟದ ಮೇಲಿನ ಗಟಾರ ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ಬೇರೆ ಪುರಾವೆ ಬೇಡ. 2024ರ ಜನವರಿಯಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಪೊಟ್ಟಣಕ್ಕೆ ಅದು ಗೊತ್ತಿಲ್ಲ.

ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧ ಬಂದದ್ದು 2016ರಲ್ಲಿ. ದೇಶಾದ್ಯಂತ ಒಮ್ಮೆ ಬಳಸಿ ಎಸೆಯುವ ಸ್ಟ್ರಾ, ಚಮಚ, ತಟ್ಟೆಗಳಿಗೆ ನಿಷೇಧ 2022ರ ಜುಲೈ 1ರಿಂದ. ಆದರೂ ಸಂತೆಯಲ್ಲಿ ಸಿಗುತ್ತದೆ, ಯಾಕೆಂದರೆ ನಾವು ಕೈಬೀಸಿಕೊಂಡು ಹೋಗುತ್ತೇವೆ. ಚೀಲ ಮನೆಯಲ್ಲಿ ರಾಶಿ ಇರುತ್ತದೆ, ಸಂತೆಯಲ್ಲಿ ಇರುವುದಿಲ್ಲ. ಇದಕ್ಕೆ ಮದ್ದು: ಸ್ಕೂಟರಿನ ಡಿಕ್ಕಿಯಲ್ಲಿ ಎರಡು ಬಟ್ಟೆ ಚೀಲ, ಒಂದು ಮುಚ್ಚಳದ ಸ್ಟೀಲ್ ಡಬ್ಬಿ ಕಾಯಂ ಇರಬೇಕು. ತರಕಾರಿ ಸುರಿದ ಕೂಡಲೇ ಚೀಲವನ್ನು ಗಾಡಿಯ ಬೀಗದ ಕೈಗೆ ಸಿಕ್ಕಿಸಿಡಿ, ನಾಳೆ ತಾನಾಗೇ ಡಿಕ್ಕಿಗೆ ಹೋಗುತ್ತದೆ. ಮಳೆಗಾಲದಲ್ಲಿ ಬಟ್ಟೆ ಚೀಲ ನೆನೆದು ಭಾರವಾಗುತ್ತದೆ. ಆಗ ಹಳೆ ಕೊಡೆ ಬಟ್ಟೆಯಲ್ಲಿ ಹೊಲಿಸಿದ ಚೀಲ ಬಹಳ ಚಲೋ. ಮುರಿದ ಕೊಡೆ ಇಲ್ಲದ ಮನೆ ನಮ್ಮ ಜಿಲ್ಲೆಯಲ್ಲಿ ಇದೆಯಾ?

ಕಾರವಾರದ ಭಾನುವಾರದ ಸಂತೆಯಲ್ಲಿ, ಶಿರಸಿಯ ಮಂಗಳವಾರದ ಸಂತೆಯಲ್ಲಿ ಒಂದೇ ಕಡೆ ನಾಲ್ಕು ತರಕಾರಿ ಕೊಂಡು ಒಂದೇ ಚೀಲಕ್ಕೆ ಸುರಿಸಿಕೊಳ್ಳಿ. ಮೀನಿಗೆ ಡಬ್ಬಿ ಒಡ್ಡಿ. ಮೊದಲ ದಿನ ಮೀನಿನ ಅಕ್ಕ ನಗುತ್ತಾಳೆ, ಎರಡನೇ ವಾರ "ಡಬ್ಬಿ ತಂದಿಯೇ ತಂಗಿ?" ಅಂತ ಅವಳೇ ಕೇಳುತ್ತಾಳೆ. ಹಿಂದೆ ಮೀನನ್ನು ಸಾಗವಾನಿ ಎಲೆಯಲ್ಲಿ ಕಟ್ಟಿ ಕೊಡುತ್ತಿದ್ದರು. ಕೇಳಿದರೆ ಈಗಲೂ ಕೆಲವರು ಕೊಡುತ್ತಾರೆ.

5. ನೀರು: ಮಳೆ ಇದ್ದೂ ಬಾವಿ ಬತ್ತುವ ಜಿಲ್ಲೆ

ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. ಸಾವಿರ ಚದರ ಅಡಿಯ ಮಾಡು ಅಂದರೆ 93 ಚದರ ಮೀಟರ್. ಐದರಲ್ಲಿ ಒಂದು ಪಾಲು ಹಾಳಾಯಿತು ಅಂದುಕೊಂಡರೂ ಸುಮಾರು 2.2 ಲಕ್ಷ ಲೀಟರ್. ನಾಲ್ಕು ಜನರ ಮನೆಗೆ ದಿನಕ್ಕೆ 400 ಲೀಟರ್ ಹಿಡಿದರೆ ವರ್ಷಕ್ಕೆ ಬೇಕಾಗುವುದು 1.46 ಲಕ್ಷ. ಆದರೂ ಏಪ್ರಿಲ್ ಬಂತು ಅಂದರೆ ಅಮ್ಮನ ಬಾವಿಯ ನೀರು ಉಪ್ಪು. ನಾಲ್ಕು ತಿಂಗಳಲ್ಲಿ ಬಂದದ್ದು ನಾಲ್ಕು ತಿಂಗಳಲ್ಲೇ ಸಮುದ್ರಕ್ಕೆ ಹೋಗುತ್ತದೆ.

ಅಷ್ಟೂ ನೀರು ತುಂಬಿಡಲು ಟಾಂಕಿ ಕಟ್ಟುವುದು ಆಗದ ಮಾತು. ಮಾಡಿನ ನೀರನ್ನು ಬಾವಿಗೆ ಇಳಿಸುವುದು ಸುಲಭ. ದಂಬೆ ಹಾಕಿ, ಪೈಪಿನಲ್ಲಿ ತಂದು, ಒಂದು ಡ್ರಮ್ಮಿನಲ್ಲಿ ಸೋಸಿ ಬಿಡಬೇಕು. ಡ್ರಮ್ಮಿನ ತಳದಲ್ಲಿ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಇದ್ದಿಲು, ಎಲ್ಲಕ್ಕಿಂತ ಮೇಲೆ ತೊಳೆದ ಮರಳು. ಮೊದಲ ಎರಡು ಮೂರು ಮಳೆಯ ನೀರನ್ನು ಹೊರಗೆ ಬಿಡಿ, ಹಕ್ಕಿ ಹಿಕ್ಕೆ, ಎಲೆ, ಧೂಳು ತೊಳೆದು ಹೋಗಲಿ. ಸಿಮೆಂಟ್ ಶೀಟಿನ ಮಾಡಾದರೆ ಕುಡಿಯುವ ಬಾವಿಗೆ ಬೇಡ. ಪ್ರತಿ ಮೇನಲ್ಲಿ ಮರಳು ತೊಳೆಯುವುದು ಮರೆಯಬೇಡಿ.

ಇಂಗುಗುಂಡಿಯ ಬಗ್ಗೆ ಒಂದು ಎಚ್ಚರಿಕೆ. ಬಯಲು ಸೀಮೆಯಲ್ಲಿ ಹೇಳಿದ ಹಾಗೆ ಎಲ್ಲೆಂದರಲ್ಲಿ ತೋಡಬೇಡಿ. 2021ರಲ್ಲಿ ಯಲ್ಲಾಪುರದ ಕಳಚೆ, 2024ರ ಜುಲೈ 16ರಂದು ಅಂಕೋಲಾದ ಶಿರೂರು, ಎರಡೂ ಕಡೆ ಗುಡ್ಡ ಕುಸಿದದ್ದನ್ನು ನೋಡಿದ್ದೇವೆ. ಕಡಿದಾದ ಧರೆಯ ನೆತ್ತಿಯಲ್ಲಿ, ಮನೆಯ ಹಿಂದಿನ ಗುಡ್ಡದಲ್ಲಿ ನೀರು ನಿಲ್ಲಿಸುವುದು ಅಪಾಯ. ಅಲ್ಲಿ ನೀರು ಸಲೀಸಾಗಿ ಹರಿದು ಹೋಗಲು ಗಟಾರ ಮಾಡಿ, ಸಮತಟ್ಟು ಜಾಗದಲ್ಲಿ ಇಂಗಿಸಿ.

ದಿನದ ಅಭ್ಯಾಸ ಸಣ್ಣದು. ರಾತ್ರಿ ಪ್ರತಿ ನಲ್ಲಿಯ ಕೆಳಗೆ ಒಂದೊಂದು ತಂಬಿಗೆ ಇಟ್ಟು ಮಲಗಿ, ಬೆಳಿಗ್ಗೆ ತುಂಬಿದ್ದರೆ ವಾಷರ್ ಬದಲಿಸಿ. ಬಚ್ಚಲ ನೀರು ಬಾಳೆಗೆ, ಕೆಸುವಿಗೆ ಹೋಗಲಿ. ಮಳೆಗಾಲದಲ್ಲಿ ಮಾಡಿನ ಕೆಳಗೆ ಪೀಪಾಯಿ ಇಟ್ಟು ಪಾತ್ರೆ, ಬಟ್ಟೆಗೆ ಅದೇ ನೀರು ಬಳಸಿ. ಮೇಲೆ ಬಟ್ಟೆ ಕಟ್ಟದಿದ್ದರೆ ಡೆಂಗಿ ಸೊಳ್ಳೆ ಸಾಕಿದ ಹಾಗೆ ಆಗುತ್ತದೆ.

6. ತೊಳೆಯುವುದು, ಮತ್ತು ಹೆಂಗಸರ ಒಂದು ವಿಷಯ

ಅಂಟುವಾಳ ಹತ್ತು ಹನ್ನೆರಡು ಕಾಯಿ, ಬೀಜ ತೆಗೆದು ಅರ್ಧ ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ. ಬೆಳಿಗ್ಗೆ ಕಾಲು ಗಂಟೆ ಕುದಿಸಿ, ಆರಿದ ಮೇಲೆ ಹಿಸುಕಿ ಸೋಸಿ. ರೇಷ್ಮೆ ಸೀರೆ, ಬೆಳ್ಳಿ, ನೆಲ, ಸಾದಾ ಪಾತ್ರೆಗೆ ಬಹಳ ಒಳ್ಳೆಯದು. ಮೂರು ನಾಲ್ಕು ದಿನಕ್ಕಿಂತ ಜಾಸ್ತಿ ಇಡಬೇಡಿ. ಕಣ್ಣಿಗೆ ಹೋದರೆ ಉರಿ. ಬಂಗಡೆ ಹುರಿದ ಕಾವಲಿಗೆ ಇದು ಸಾಲುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಅದಕ್ಕೆ ಮೊದಲು ಬೂದಿ, ತೆಂಗಿನ ನಾರು. ತಾಮ್ರಕ್ಕೆ ಸಾರಿಗೆ ಹಾಕಿ ತೆಗೆದ ಮುರುಗಲು ಸಿಪ್ಪೆಯಲ್ಲೇ ತಿಕ್ಕಿ. ತಲೆಗೆ ಮತ್ತಿಸೊಪ್ಪು, ದಾಸವಾಳ ಸೊಪ್ಪಿನ ಗಂಪು ಗೊತ್ತಿದ್ದವರಿಗೆ ನಾನು ಹೇಳಬೇಕಾಗಿಲ್ಲ.

ಬಟ್ಟೆಯ ಪ್ಯಾಡ್ ಬಳಸಿ ಅಂತ ಎಲ್ಲರೂ ಹೇಳುತ್ತಾರೆ. ಬಿಸಿಲಲ್ಲಿ ಚೆನ್ನಾಗಿ ಒಣಗಿದರೆ ಮಾತ್ರ ಅದು ಸರಿ. ನಮ್ಮ ಮಳೆಯಲ್ಲಿ ಅರೆಬರೆ ಒಣಗಿದ್ದನ್ನು ಬಳಸಿದರೆ ಸೋಂಕು, ತುರಿಕೆ. ಈ ಊರಿಗೆ ಮುಟ್ಟಿನ ಕಪ್ ಸರಿ ಅನ್ನುವುದು ನನ್ನ ಅಭಿಪ್ರಾಯ. ಸಿಲಿಕೋನಿನದು, ಕುದಿಸಿ ಇಟ್ಟರಾಯಿತು, ಒಣಗಿಸುವ ರಗಳೆ ಇಲ್ಲ, ಹಲವು ವರ್ಷ ಬಾಳುತ್ತದೆ. ರೂಢಿಯಾಗಲು ಎರಡು ಮೂರು ತಿಂಗಳು ಬೇಕು. ಹಿಡಿಸದಿದ್ದರೆ ಮಳೆಗಾಲಕ್ಕೆ ಪ್ಯಾಡ್, ಬೇಸಿಗೆಗೆ ಬಟ್ಟೆ. ಅದರಲ್ಲಿ ಪಾಪಪ್ರಜ್ಞೆ ಏನೂ ಬೇಡ.

7. ಕರೆಂಟು, ಓಡಾಟ

ಗೃಹಜ್ಯೋತಿ ಇದೆಯಲ್ಲ, ಉಳಿಸುವುದು ಯಾಕೆ ಅಂತ ಕೇಳುತ್ತಾರೆ. ಪುಕ್ಕಟೆ ಸಿಗುವುದು ಹಿಂದಿನ ಸರಾಸರಿಗಿಂತ ಸ್ವಲ್ಪ ಜಾಸ್ತಿಯವರೆಗೆ ಮಾತ್ರ, ಅದೂ 200 ಯೂನಿಟ್ ಒಳಗೆ. 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ಹಳೆ ಫ್ಯಾನ್ 75 ವಾಟ್ ಎಳೆದರೆ ಬಿಎಲ್‌ಡಿಸಿ ಫ್ಯಾನ್ 30 ವಾಟ್ ಆಸುಪಾಸು. ದಿನಕ್ಕೆ ಹನ್ನೆರಡು ತಾಸು ತಿರುಗುವ ಒಂದು ಫ್ಯಾನಿಗೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಸೆಖೆಯ ಕಾರವಾರದಲ್ಲಿ ಮೊದಲು ಬದಲಿಸಬೇಕಾದದ್ದು ಇದೇ. ಮಾಡಿನ ಮೇಲೆ ಸೋಲಾರ್ ಹಾಕಿಸುವವರಿಗೆ 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇಟ್ಟಿದ್ದಾರೆ. ತೋಟದ ಮನೆಯವರು ಮೊದಲು ನೆರಳು ನೋಡಿ. ಅಡಿಕೆ ಮರದ ನಡುವಿನ ಮಾಡಿಗೆ ದುಡ್ಡು ಸುರಿದು ಪ್ರಯೋಜನವಿಲ್ಲ.

ಓಡಾಟಕ್ಕೆ ಹೆಚ್ಚು ಹೇಳುವುದಿಲ್ಲ. ಕಾರವಾರದಿಂದ ಭಟ್ಕಳದವರೆಗೆ ರೈಲಿದೆ, ಘಟ್ಟ ಹತ್ತಲು ಬಸ್ಸಿದೆ. ಪೇಟೆಯ ಕೆಲಸಗಳನ್ನು ಚೀಟಿಯಲ್ಲಿ ಬರೆದಿಟ್ಟು ವಾರಕ್ಕೆ ಎರಡೇ ಸಲ ಹೋಗಿ ಬಂದರೆ ಪೆಟ್ರೋಲು ತಾನಾಗೇ ಉಳಿಯುತ್ತದೆ.

8. ಊಟ: ಹಂಗಾಮು ಕೊಟ್ಟದ್ದನ್ನು ತಿನ್ನಿ

ಅಮ್ಮನ ಅಡುಗೆಮನೆಯಲ್ಲಿ ಮೇ ಕೊನೆಗೆ ತಲೆ ಎತ್ತಿ ನೋಡಬೇಕು. ಜಂತಿಗೆ ಬಾಳೆನಾರಿನಲ್ಲಿ ಕಟ್ಟಿದ ಸೌತೆಕಾಯಿ ಸಾಲು. ಪಕ್ಕದಲ್ಲಿ ಜಡೆ ಹೆಣೆದ ಕುಮಟಾ ಸಿಹಿ ಈರುಳ್ಳಿ. ಭರಣಿಯಲ್ಲಿ ಅಪ್ಪೆಮಿಡಿ, ಡಬ್ಬದಲ್ಲಿ ಹಲಸಿನ ಹಪ್ಪಳ, ಒಲೆಯ ಮೇಲಿನ ಅಟ್ಟದಲ್ಲಿ ಒಣಮೀನು, ಮುರುಗಲು ಸಿಪ್ಪೆ. ಮಳೆಯಲ್ಲಿ ಪೇಟೆಗೆ ಹೋಗಲಾಗದ ಕಾಲದ ತಯಾರಿ ಅದು. ಲಾರಿಯಲ್ಲಿ ಬಂದ ಹೂಕೋಸು ಬೇಕಾಗಿಯೇ ಇರಲಿಲ್ಲ. ಎಲ್ಲವನ್ನೂ ಮಾಡಲು ನಮಗೆ ಪುರುಸೊತ್ತಿಲ್ಲ, ಒಪ್ಪಿದೆ. ಎರಡನ್ನಾದರೂ ಮಾಡಿ. ಜೊತೆಗೆ ಹಿತ್ತಲಲ್ಲಿ ಒಂದೆಲಗ, ದೊಡ್ಡಪತ್ರೆ ಇದ್ದರೆ ತಂಬುಳಿಯ ದಿನ ತರಕಾರಿಯೇ ಬೇಡ. ಮಳೆ ಬಿದ್ದ ಮೇಲೆ ಕೆಸು, ಚಗಟೆ ಸೊಪ್ಪು ತಾವಾಗೇ ಏಳುತ್ತವೆ.

ಮೀನು ತಿನ್ನುವವರಿಗೆ: ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ ಅದು. ಆಗ ಎಲ್ಲಿಂದಲೋ ಬಂದ ಐಸಿನ ಇಸೋಣಕ್ಕೆ ಆಸೆ ಪಡುವ ಬದಲು ಒಣಮೀನಿನ ಚಟ್ನಿ, ನಾಡದೋಣಿಯಲ್ಲಿ ಸಿಕ್ಕಿದ ಮೀನು ಸಾಕಲ್ವಾ? ಉಳಿದ ಕಾಲದಲ್ಲೂ ತಾರ್ಲೆ, ಬಂಗಡೆಯಂಥ ಬೇಗ ಬೆಳೆಯುವ ಮೀನಿಗೆ ಮೊದಲ ಜಾಗ ಕೊಡಿ. ಬೆರಳುದ್ದದ ಮರಿಗಳನ್ನು ರಾಶಿ ಹಾಕಿದ್ದರೆ ಅಗ್ಗ ಅಂತ ಕೊಳ್ಳಬೇಡಿ.

ಅಕ್ಕಿ ಕೊಳ್ಳುವಾಗ ಕಗ್ಗ ಸಿಕ್ಕರೆ ಬಿಡಬೇಡಿ. ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆದುಕೊಂಡು ಬೆಳೆಯುವ ಕೆಂಪು ಅಕ್ಕಿ ಅದು. ಗೊಬ್ಬರ, ಔಷಧ ಏನೂ ಬೇಡ. ಭತ್ತ ಕೊಯ್ದ ಮೇಲೆ ಅದೇ ಗಜನಿಯಲ್ಲಿ ಶೆಟ್ಲಿ. ಬೆಳೆಯುವವರು ಕಡಿಮೆಯಾಗಿದ್ದಾರೆ. ಗಂಜಿಗೆ ಇದಕ್ಕಿಂತ ರುಚಿಯ ಅಕ್ಕಿ ನಾನು ಉಂಡಿಲ್ಲ.

9. ಸಮಾರಂಭದ ದಿನ

ವರ್ಷವಿಡೀ ಉಳಿಸಿದ್ದನ್ನು ಒಂದು ಉಪನಯನದಲ್ಲಿ ಕಳೆಯಬಹುದು. ಮುನ್ನೂರು ಜನ, ಎರಡು ಸಲ ಚಾ, ಒಂದು ಪಾನಕ: ಒಂಬೈನೂರು ಕಾಗದದ ಲೋಟ. ಅದರ ಒಳಗಿನ ಪದರ ಪ್ಲಾಸ್ಟಿಕ್. ದನವೂ ಮುಟ್ಟುವುದಿಲ್ಲ, ಗೊಬ್ಬರವೂ ಆಗುವುದಿಲ್ಲ.

ನಮ್ಮ ಕೇರಿಯಲ್ಲಿ ಹತ್ತು ಮನೆಯವರು ಸೇರಿ ಮುನ್ನೂರು ಸ್ಟೀಲ್ ಲೋಟ ಕೊಂಡೆವು. ಐವತ್ತರ ಲೆಕ್ಕದಲ್ಲಿ ಆರು ಚೀಲ. ಬೇಕಾದವರು ಒಯ್ದು ತೊಳೆದು ವಾಪಸು ಕೊಡಬೇಕು. ಮೊದಲ ಮದುವೆಗೆ ಹೋದ ಮುನ್ನೂರರಲ್ಲಿ 281 ಬಂದವು. ಅಂದಿನಿಂದ ಲೋಟದ ಅಂಚಿಗೆ ಗುರುತು ಕೆತ್ತಿಸಿದೆವು, ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳುತ್ತೇವೆ, ಕಳೆದದ್ದಕ್ಕೆ ಇಷ್ಟು ಅಂತ ಮೊದಲೇ ಹೇಳುತ್ತೇವೆ. ತೊಳೆಯಲು ಇಬ್ಬರನ್ನು ಗೊತ್ತು ಮಾಡಿ ಸಂಬಳ ಕೊಡುವುದು ಮುಖ್ಯ. ಅದಿಲ್ಲದಿದ್ದರೆ ಆ ಕೆಲಸ ಮನೆಯ ಹೆಂಗಸರ ಮೇಲೆ ಬೀಳುತ್ತದೆ, ಎರಡನೇ ಸಮಾರಂಭಕ್ಕೆ ಕಾಗದದ ಲೋಟ ವಾಪಸು ಬರುತ್ತದೆ.

ಊಟಕ್ಕೆ ಬಾಳೆಎಲೆ, ಪಂಕ್ತಿಯಲ್ಲಿ. ಎಲೆ ಮತ್ತೆ ದನಕ್ಕೆ. ನಿಂತು ತಿನ್ನುವ ತಿಂಡಿಗೆ ಹಾಳೆ ತಟ್ಟೆ. ಮಳೆಗಾಲದಲ್ಲಿ ಹಾಳೆ ತಟ್ಟೆ ಕೊಳ್ಳುವಾಗ ಕಟ್ಟು ಬಿಚ್ಚಿ ನಡುವಿನ ತಟ್ಟೆ ತೆಗೆದು ಮೂಸಿ ನೋಡಿ. ಬೂಷ್ಟು ಮೊದಲು ಹಿಡಿಯುವುದು ಅಲ್ಲಿ.

10. ಬೀಜ

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು ಮರ ಅಪ್ಪಿಕೊಂಡರು. ಮರ ಕಡಿಯುವುದನ್ನು ತಡೆಯುವ ಅಪ್ಪಿಕೋ ಚಳವಳಿ ಅಲ್ಲಿಂದ ಶುರು. ಅಂಕೋಲಾ ಹೊನ್ನಳ್ಳಿಯ ತುಳಸಿ ಗೌಡ ಅವರಿಗೆ ಯಾವ ತಾಯಿಮರದ ಬೀಜ ಯಾವಾಗ ಹೆಕ್ಕಬೇಕು ಅನ್ನುವುದು ಬಾಯಿಪಾಠ. ಪದ್ಮಶ್ರೀ ಬಂದದ್ದು ಆ ತಿಳಿವಳಿಕೆಗೆ. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ನಾವಾದರೋ ಜೂನ್ 5ಕ್ಕೆ ಯಾವುದೋ ನರ್ಸರಿಯ ಗಿಡ ನೆಟ್ಟು ಫೋಟೋ ತೆಗೆಯುತ್ತೇವೆ.

ತಿಂದ ಹಣ್ಣಿನ ಬೀಜವನ್ನೇ ಹಾಕಿ. ಹಲಸು, ಮುರುಗಲು, ನೇರಳೆ, ಕಾಟುಮಾವು. ಇವೆಲ್ಲ ಹಸಿ ಬೀಜಗಳು. ಒಣಗಿಸಿ ಡಬ್ಬದಲ್ಲಿ ಇಟ್ಟರೆ ಸಾಯುತ್ತವೆ, ಇಲ್ಲಿಯಾದರೂ 'ಬಿಸಿಲಿಗೆ ಒಣಗಿಸಿ' ಅನ್ನುವ ಸಲಹೆ ಬೇಕಾಗಿಲ್ಲ. ಪ್ಲಾಸ್ಟಿಕ್ ಕೊಟ್ಟೆ ಬೇಡ. ಅಡಿಕೆ ಹಾಳೆಯನ್ನು ಸುರುಳಿ ಸುತ್ತಿ ನಾರಿನಿಂದ ಕಟ್ಟಿದರೆ ಕೊಟ್ಟೆ ಆಯಿತು. ಅರ್ಧ ಮಣ್ಣು, ಅರ್ಧ ನಿಮ್ಮ ಮಡಕೆಯ ಗೊಬ್ಬರ. ಹಲಸಿನ ಬೀಜ ತೊಳೆದು ಅಂದೇ ಊರಿ. ಎರಡು ಮೂರು ವಾರದಲ್ಲಿ ಮೊಳಕೆ ಏಳುತ್ತದೆ. ಮುರುಗಲು ತಿಂಗಳುಗಟ್ಟಲೆ ಕಾಯಿಸುತ್ತದೆ, ಸತ್ತಿತು ಅಂತ ಚೆಲ್ಲಬೇಡಿ. ಮುಂದಿನ ಜೂನ್‌ನಲ್ಲಿ ಹಾಳೆ ಸಮೇತ ಗುಂಡಿಗೆ ಇಳಿಸಿ. ದನ ಬರದ ಹಾಗೆ ಸುತ್ತ ಮುಳ್ಳು ಕಟ್ಟುವುದು ಅದೇ ದಿನ ಆಗಬೇಕು, ಮಾರನೇ ದಿನ ಅಲ್ಲ.